ಮಗ್ಗದ ಮನೆಯಿಂದ ಶಾಲೆಯ ಅಂಗಳಕ್ಕೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಹೊಸಬರು ಕಾಲಿಟ್ಟರೆ ಮೊದಲು ಎದುರಾಗುವುದು ವಿದ್ಯುತ್ ಮಗ್ಗಗಳ ಲಟಪಟ. ಅಲ್ಲೇ ಹುಟ್ಟಿದ ಮಗುವಿಗೆ ಅದು ಸದ್ದೇ ಅಲ್ಲ. ಕರೆಂಟು ಹೋಗಿ ಮಗ್ಗ ನಿಂತಾಗಲೇ ಮಗು ಬೆಚ್ಚಿ ನೋಡುವುದು. ಮನೆಯೊಳಗೇ ಮಗ್ಗವಿದ್ದರೆ ದೊಡ್ಡ ಪಾಲು ಮಗ್ಗದ್ದು, ಮಿಕ್ಕಿದ್ದು ಮನುಷ್ಯರದ್ದು. ನೂಲಿಗೆ ಕೈ ತಾಗಿದರೆ ಗದರಿಕೆ. ಅಂಥ ಮನೆಯ ಮಗುವಿಗೆ ಶಾಲೆಯೆಂದರೆ ಅಕ್ಷರಕ್ಕಿಂತ ಮೊದಲು ಅಂಗಳ.

ನಾವು ದೊಡ್ಡವರು ಶಾಲೆಯನ್ನು ಕೋಣೆಗಳಲ್ಲಿ ಎಣಿಸುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಪ್ರತಿ ಶಿಕ್ಷಕರಿಗೊಂದು ತರಗತಿ ಕೋಣೆ, ಶೌಚಾಲಯ, ಅಡುಗೆಮನೆ, ಆಟದ ಮೈದಾನ, ಆವರಣಗೋಡೆ ಎಂದು ಪಟ್ಟಿ ಕೊಡುತ್ತದೆ. ಎಲ್ಲವೂ ಬೇಕು, ತಕರಾರಿಲ್ಲ. ಆದರೆ ನಿಮ್ಮದೇ ಶಾಲೆಯನ್ನು ನೆನೆದು ನೋಡಿ: ನೀರಿನ ನಲ್ಲಿಯ ನೂಕಾಟ, ಮರದ ಬುಡ, ಊಟಕ್ಕೆ ಕೂತ ಜಗುಲಿ, ಕಾಂಪೌಂಡಿನ ಒಡಕು. ಈ ಪೈಕಿ ಎಷ್ಟು ಆ ಪಟ್ಟಿಯಲ್ಲಿವೆ?

ಮಕ್ಕಳ ಪಟ್ಟಿಯೇ ಬೇರೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸತ್ಯನಗರ ಕೊಳೆಗೇರಿಯ ಮಕ್ಕಳ ಕೈಗೆ ಸಂಶೋಧಕರು ಕಾಗದ ಕೊಟ್ಟು, ತಮ್ಮ ಬಡಾವಣೆಯ ಚಿತ್ರ ಬರೆಯಲು ಹೇಳಿದರು. ಹೊರಗಿನವರಿಗೆ ಬರೀ ಕೊರತೆ ಕಂಡ ಜಾಗದಲ್ಲಿ ಆ ಮಕ್ಕಳು ಗೆಳೆಯರನ್ನೂ ಆಟದ ತಾಣಗಳನ್ನೂ ಕಂಡಿದ್ದರು. ಹಾಗೆಂದು ಕೊರತೆ ಇರಲಿಲ್ಲವೆಂದಲ್ಲ.

ನಮ್ಮಲ್ಲಿ ಮಕ್ಕಳ ಅಳತೆಗೆ ತಕ್ಕಂತೆ ಕೋಣೆಯನ್ನು ತಿದ್ದಿದ ಒಂದೇ ದೊಡ್ಡ ಪ್ರಯತ್ನ, ನನ್ನ ಮಟ್ಟಿಗೆ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಕಪ್ಪುಹಲಗೆ ಗೋಡೆಯ ಬುಡಕ್ಕಿಳಿದು ಮಗುವಿನ ಕೈಗೆ ಎಟುಕಿತು. ತಲೆಯ ಮೇಲೆ ದಾರ ಬಿಗಿದು, ಮಕ್ಕಳು ಬರೆದ ಚಿತ್ರಗಳನ್ನು ನೇತುಹಾಕುವ ಚಪ್ಪರ ಬಂತು. ನೇಕಾರರ ಮಗುವಿಗೆ ಇದೇನು ಬೆರಗಲ್ಲ. ಮಗ್ಗದ ಮೇಲೆ ಕೂತ, ವಿನ್ಯಾಸ ನೇಯುವ ಜಕಾರ್ಡಿನಿಂದ ಇಳಿಬಿದ್ದ ದಾರಗಳ ಕೆಳಗೇ ಬೆಳೆದದ್ದು ಅದು. ಇಲ್ಲಿ ಮಾತ್ರ ದಾರಕ್ಕೆ ಕೈ ಹಾಕಿದರೆ ಬೈಗುಳವಿಲ್ಲ. ಒಂದೇ ದಾರ, ಅರ್ಥ ಬೇರೆ. ಇದನ್ನು ಯಾವ ತರಬೇತಿ ಕೈಪಿಡಿಯೂ ಬರೆದಿರಲಾರದು, ಮಗುವೇ ನೇಯ್ದುಕೊಳ್ಳುತ್ತದೆ.

ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಹೋದೊಡನೆ ಹಲಗೆ ಮತ್ತೆ ಮೇಲೇರಿ ಮೇಷ್ಟರದಾಗುತ್ತದೆ. ಇದಕ್ಕೆ ನನ್ನ ಒಪ್ಪಿಗೆಯಿಲ್ಲ.

ಹೊಸ ಕೋಣೆಗೆ ಪಾಯ ತೋಡುವ ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು, ಅವರ ಶಾಲೆಯನ್ನು ನೆಲದ ಮೇಲೆ ಬರೆಸಲಿ. ಯಾವ ಮರ ಕಡಿಯಬಾರದೆಂದು ಅಲ್ಲೇ ಗೊತ್ತಾಗುತ್ತದೆ.