ಟಿಕೆಟ್ಟಿನ ಸಿಟ್ಟು, ಪಹಣಿಯ ಮೌನ

ಪುಕ್ಕಟೆ ಬಸ್ಸು ಬಂದ ಮೇಲೆ ಹೆಂಗಸರು ತಿರುಗತೊಡಗಿದರು, ಸಂಸಾರ ಹಾಳಾಯಿತು ಎಂಬ ಮಾತು ವಿಜಯಪುರ ಜಿಲ್ಲೆಯ ಝಳಕಿಯಂಥ ಹೆದ್ದಾರಿ ಊರುಗಳಲ್ಲಿ ಇನ್ನೂ ಕಿವಿಗೆ ಬೀಳುತ್ತದೆ. 2023ರ ಜೂನ್ 11ರಂದು, ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದಾಗ ಎದ್ದ ಗದ್ದಲವಿದು. ಖಜಾನೆಯ ಹೊರೆ ಎಷ್ಟು, ಬಸ್ಸು ಸಾಕಷ್ಟಿವೆಯೇ ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ಇಂಡಿಗೋ ವಿಜಯಪುರಕ್ಕೋ ಕಾಲೇಜಿಗೆ ಹೊರಟ ಹುಡುಗರು ಬಾಗಿಲಿಗೆ ಜೋತುಬಿದ್ದು ಹೋಗುವಂತಾಗಬಾರದು. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಬಸ್ಸು ಹೆಚ್ಚಿಸಲಿ. ಆದರೆ ಹೆಣ್ಣು ಯಾಕೆ ಹೊರಟಳು ಎಂದು ಕೇಳುವವರ ಸಂಕಟವೇ ಬೇರೆ.

ತವರಿಗೆ, ದವಾಖಾನೆಗೆ, ಸಂತೆಗೆ ಹೋಗಬೇಕೆಂದರೆ ಆಕೆ ಗಂಡನ ಮುಂದೆ, ಇಲ್ಲವೇ ಮಗನ ಮುಂದೆ ಕೈಯೊಡ್ಡಬೇಕಿತ್ತು. ರೊಕ್ಕ ಕೊಡುವವನೇ ಹೋಗುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದ. ಹೊಲದಲ್ಲಿ ಕಳೆ ತೆಗೆದು, ನಿಂಬೆ ಬಿಡಿಸಿ ದುಡಿದವಳಿಗೂ ಇದೇ ಗತಿ. ಈಗ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳೆ. ಸಂಸಾರಕ್ಕೆ ಏನೂ ಆಗಿಲ್ಲ, ಹೋಗಿರುವುದು ಗಂಡಸಿನ ಅಪ್ಪಣೆ.

ಗಂಡಸರಿಗೆ ಅನ್ಯಾಯವಾಯಿತು ಎನ್ನುವವರು ಯೋಜನೆಯ ಆದೇಶವನ್ನು ಓದಲಿ. ಬೆಂಗಳೂರಿನ ನಗರ ಸಾರಿಗೆ ಬಿಟ್ಟು ಉಳಿದ ನಿಗಮಗಳ ಬಸ್ಸುಗಳಲ್ಲಿ ಅರ್ಧದಷ್ಟು ಸೀಟುಗಳನ್ನು ಅದು ಗಂಡಸರಿಗೇ ಮೀಸಲಿಟ್ಟಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರಯಾಣ ಉಚಿತ ಮಾಡಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಈ ಸಮುದಾಯದ ಜೋಗಪ್ಪಂದಿರಿಗೆ ಕೈಮುಗಿದು, ಬಸ್ಸಿನಲ್ಲಿ ಅವರ ಪಕ್ಕದಿಂದ ಎದ್ದುಹೋಗುವ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ.

ಇದೆಲ್ಲ ಒಂದು ಪಕ್ಷದ ಓಟಿನ ಲೆಕ್ಕ ಎನ್ನುವವರು ಭೀಮೆಯ ಆಚೆ ನೋಡಲಿ. ಮಹಾರಾಷ್ಟ್ರ 2023ರ ಮಾರ್ಚ್‌ನಲ್ಲೇ ತನ್ನ ಎಸ್‌.ಟಿ. ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ದರ ಮಾಡಿತು. ಅಲ್ಲಿ ಆಳುತ್ತಿದ್ದವರು ಬೇರೆ ಪಕ್ಷದವರು.

ನನ್ನ ನಿಜವಾದ ಜಗಳ ಇರುವುದು ಮುಂದೆ. ಟಿಕೆಟ್ಟಿಗೆ ಇಷ್ಟು ಸಿಟ್ಟಾಗುವ ಊರು ಹೆಣ್ಣುಮಕ್ಕಳ ಹೆಸರಿಲ್ಲದ ಪಹಣಿಯ ಬಗ್ಗೆ ಬಾಯಿ ಬಿಡುವುದಿಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಕುಟುಂಬಗಳ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶದಲ್ಲಿ ಮಗಳು ಮಗನಿಗೆ ಸಮ ಎಂದಾಯಿತು. ಅಷ್ಟರೊಳಗೆ ತಂದೆ ತೀರಿಹೋಗಿದ್ದರೂ ಆ ಹಕ್ಕು ಕಳೆಯದು ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು, ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ರೂಢಿ ನಿಂತಿಲ್ಲ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಿಂದ ಆಕೆ ಸಹಿ ಹಾಕುತ್ತಾಳೆ. ಆಗ ಮಾತ್ರ ಆಕೆ ಮನೆ ಬಿಟ್ಟು ಬಂದದ್ದು ಯಾರಿಗೂ ತಪ್ಪಾಗಿ ಕಾಣುವುದಿಲ್ಲ.

ಸಂಸಾರದ ಮೇಲೆ ಅಷ್ಟು ಕಾಳಜಿ ಇರುವ ಅಣ್ಣತಮ್ಮಂದಿರಲ್ಲಿ ನನ್ನದೊಂದೇ ಕೇಳಿಕೆ: ತಂದೆಯ ಹೊಲಕ್ಕೆ ಪೌತಿ ಖಾತೆಯ ಅರ್ಜಿ ಹಾಕುವಾಗ ನಿಮ್ಮ ಹೆಸರಿನ ಜೊತೆ ಅಕ್ಕತಂಗಿಯರ ಹೆಸರನ್ನೂ ಬರೆಸಿ. ಅವರ ಮುಂದೆ ಬಿಡುಗಡೆ ಪತ್ರ ಇಡಬೇಡಿ.