ಟೆಂಟಿನೊಳಗೆ ಹೀಟರ್ ಯಾಕೆ ಸ್ವಾಮೀ?

ನಮ್ಮ ಮುಂಬಯಿಯವರಿಗೆ ಚಳಿ ಅನ್ನುವುದು ಊರಿನ ನೆಂಟರ ಹಾಗೆ. ವರ್ಷಕ್ಕೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತೆ. ಸಾಂತಾಕ್ರೂಜಿನ ದಾಖಲೆ ಪ್ರಕಾರ ಈ ಊರು ಕಂಡ ದೊಡ್ಡ ಚಳಿ 1962ರ ಜನವರಿ 22ರದ್ದು, 7.4 ಡಿಗ್ರಿ. ಈಗ 16ಕ್ಕೆ ಇಳಿದರೂ ಸಾಕು, ಬೆಳಗಿನ ಲೋಕಲ್‌ನಲ್ಲಿ ಮಫ್ಲರ್, ಮಂಕಿ ಕ್ಯಾಪ್ ಎಲ್ಲ ಹೊರಗೆ ಬರುತ್ತವೆ. ಇಂಥ ನಾವೇ ಈಚೀಚೆಗೆ ದುಡ್ಡು ಕೊಟ್ಟು ಚಳಿಯನ್ನು ಹುಡುಕಿಕೊಂಡು ಹೋಗುತ್ತಿದ್ದೇವೆ. ಪವನಾ ಅಣೆಕಟ್ಟಿನ ಹಿನ್ನೀರು, ಭಂಡಾರದರಾ, ಮಹಾಬಳೇಶ್ವರ... ಶನಿವಾರ ಹೋಗಿ ಟೆಂಟಿನಲ್ಲಿ ಮಲಗಿ ಭಾನುವಾರ ವಾಪಸ್ಸು. ಒಳ್ಳೆಯದೇ. ನನ್ನ ತಕರಾರು ಇರುವುದು ಟೆಂಟಿನೊಳಗೆ ಬಂದು ಕೂತಿರುವ ಎಲೆಕ್ಟ್ರಿಕ್ ಹೀಟರಿನ ಬಗ್ಗೆ.

ಹೋದ ಚಳಿಗಾಲದಲ್ಲಿ ನಮ್ಮ ಬ್ಯಾಂಕಿನ ನಾಲ್ಕೈದು ಸಂಸಾರ ಸೇರಿ ಪವನಾ ಕಡೆ ಹೋಗಿದ್ದೆವು. ರಾತ್ರಿ ಹತ್ತಕ್ಕೆ ಕ್ಯಾಂಪಿನ ಹುಡುಗ ಪ್ರತಿ ಟೆಂಟಿಗೂ ಒಂದೊಂದು ಕಾಯಿಲ್ ಹೀಟರ್ ತಂದಿಟ್ಟ. ವೈರು ಎಲ್ಲಿಂದ ಬಂತು ಅಂತ ಟಾರ್ಚು ಹಿಡಿದು ನೋಡಿದರೆ, ದೂರದ ಪಂಪು ಮನೆಯಿಂದ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಹಾದು, ನಡುವೆ ಎರಡು ಕಡೆ ಟೇಪು ಸುತ್ತಿಸಿಕೊಂಡು, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಬಂದು ಕೂತಿದೆ. ಕೇಳಿದರೆ, "ಕಾಹೀ ಹೋತ್ ನಾಹೀ ಕಾಕಾ" ಅಂದ. ಏನೂ ಆಗಲ್ಲವಂತೆ! ನಾವು ಅಷ್ಟೂ ಹೀಟರ್ ವಾಪಸ್ಸು ಕೊಟ್ಟು ಹೆಚ್ಚಿಗೆ ರಜಾಯಿ ಕೇಳಿ ಪಡೆದೆವು. ಪಕ್ಕದ ಟೆಂಟುಗಳಲ್ಲಿ ಮಾತ್ರ ಕೆಂಪಗೆ ಕಾಣುತ್ತಲೇ ಇತ್ತು. ಅದನ್ನು ನೋಡುತ್ತಾ ನನಗೆ ನಿದ್ದೆ ಬರಲಿಲ್ಲ.

ನಾನು ಬಿ.ಕಾಂ. ಓದಿದವನು, ವಿಜ್ಞಾನ ನನ್ನ ವಿಷಯ ಅಲ್ಲ. ಆದರೆ ಭಾಗಾಕಾರ ಬರುತ್ತೆ. ಹೀಟರ್ 2000 ವ್ಯಾಟ್, ನಮ್ಮ ಕರೆಂಟು 230 ವೋಲ್ಟ್. ಭಾಗಿಸಿದರೆ ಸುಮಾರು 8.7 ಆಂಪಿಯರ್. ಮೊಬೈಲ್ ಚಾರ್ಜರ್ ಸಿಕ್ಕಿಸುವ ಮಾಮೂಲಿ ಬೋರ್ಡಿನ ಯೋಗ್ಯತೆ 6 ಆಂಪಿಯರ್, ಅಂದರೆ 1380 ವ್ಯಾಟ್. ಇದು ಲಿಮಿಟ್ ಮೀರಿದ ಓವರ್‌ಡ್ರಾಫ್ಟ್ ಸ್ವಾಮೀ. ಬ್ಯಾಂಕಿನಲ್ಲಾದರೆ ಬಡ್ಡಿ ಹಾಕುತ್ತೇವೆ, ಇಲ್ಲಿ ವೈರು ಸುಡುತ್ತೆ. ಅದೂ ಕರೆಂಟು ಒಂದೂವರೆ ಪಟ್ಟಾದರೆ ವೈರಿನ ಬಿಸಿ ಎರಡು ಪಟ್ಟು ದಾಟುತ್ತೆ. ವೈರನ್ನು ರೀಲಿಗೆ ಸುತ್ತಿದ ಹಾಗೇ ಬಿಟ್ಟರೆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ.

ಇನ್ನೊಂದು ಲೆಕ್ಕ. ಹೀಟರಿಗೂ ಉರಿಯುವ ಯಾವುದೇ ವಸ್ತುವಿಗೂ ಮೂರು ಅಡಿ ಅಂತರ ಇರಲಿ ಅಂತ ಬೆಂಕಿ ಬಲ್ಲವರು ಹೇಳುತ್ತಾರೆ. ಇಬ್ಬರು ಮಲಗುವ ಟೆಂಟಿನ ಅಗಲ ಐದು ಅಡಿ ಇದ್ದರೆ ಹೆಚ್ಚು. ನಟ್ಟ ನಡುವೆ ಇಟ್ಟರೂ ಎರಡೂವರೆ ಅಡಿ. ಆಮೇಲೆ ನೀವು ಮಲಗುವುದೆಲ್ಲಿ? ಟೆಂಟಿನ ಬಟ್ಟೆ ಪಾಲಿಯೆಸ್ಟರ್ ಅಥವಾ ನೈಲಾನ್. ಬಿಸಿಗೆ ಕರಗಿ ಮೈಗೆ ಅಂಟಿಕೊಳ್ಳುವ ಜಾತಿ. ಹೊರಗೋಡಲು ಇರುವುದು ಒಂದೇ ಜಿಪ್ಪು, ಅದೂ ಕತ್ತಲಲ್ಲಿ ಕೈಗೆ ಸಿಗುವುದಿಲ್ಲ.

"ಹೀಟರ್ ಗಾಳಿಯ ಆಕ್ಸಿಜನ್ ತಿನ್ನುತ್ತೆ, ಅದಕ್ಕೇ ಅಪಾಯ" ಅಂತ ಹಲವರ ನಂಬಿಕೆ. ಅದು ಸರಿಯಲ್ಲ. ಎಲೆಕ್ಟ್ರಿಕ್ ಹೀಟರಿನಲ್ಲಿ ಏನೂ ಉರಿಯುವುದಿಲ್ಲ, ಅದರ ಅಪಾಯ ಬೆಂಕಿ ಮತ್ತು ಶಾಕ್. ಉಸಿರು ಕಟ್ಟಿಸುವುದು ಗ್ಯಾಸ್ ಹೀಟರ್, ಇದ್ದಿಲ ಶಗಡಿ, ಟೆಂಟಿನ ಮಗ್ಗುಲಲ್ಲೇ ಇಟ್ಟ ಜನರೇಟರು. ಇವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಹೋಗಿದ್ದ ಕೇರಳದ ಎಂಟು ಜನ, ಅದರಲ್ಲಿ ನಾಲ್ಕು ಮಕ್ಕಳು, ರಿಸಾರ್ಟಿನ ಬಾಗಿಲು ಕಿಟಕಿ ಮುಚ್ಚಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದವರು ಏಳಲೇ ಇಲ್ಲ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ್ದ ಮೂವರು ಯುವಕರು ಹೀಗೇ ಹೋದರು. ಹಾಗಾಗಿ "ಎಲೆಕ್ಟ್ರಿಕ್ ಬೇಡ, ಶಗಡಿ ಕೊಡಿ" ಅನ್ನಬೇಡಿ. ಅದು ಇನ್ನೂ ಕೆಟ್ಟದ್ದು.

ಮಂಚ ಹಾಕಿದ ದೊಡ್ಡ ಸ್ವಿಸ್ ಟೆಂಟು ಇರುತ್ತಲ್ಲ, ಪಕ್ಕಾ ವೈರಿಂಗ್ ಇರುವಂಥದ್ದು, ಅಲ್ಲಿ ಮಾತು ಬೇರೆ. ಅಲ್ಲಿ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗಿಗೇ ನೇರ ಹಾಕಿ, ಬೋರ್ಡು ಬೇಡ. ಕೆಂಪು ಕಾಯಿಲಿನದ್ದಕ್ಕಿಂತ ಎಣ್ಣೆ ತುಂಬಿದ ಹೀಟರ್ ವಾಸಿ. ಉರುಳಿದರೆ ತಾನೇ ಆಫ್ ಆಗುವ ಸ್ವಿಚ್ ಇರಬೇಕು. ಆರ್‌ಸಿಸಿಬಿ ಇದೆಯೇ ಅಂತ ತಪ್ಪದೆ ಕೇಳಿ, 30 ಮಿಲಿ ಆಂಪಿಯರಿನದ್ದು. ಎಂಸಿಬಿ ವೈರನ್ನು ಉಳಿಸುತ್ತೆ, ಮನುಷ್ಯನನ್ನು ಶಾಕಿನಿಂದ ಉಳಿಸುವುದು ಇದು. ಟೆಸ್ಟ್ ಬಟನ್ ಒತ್ತಿದರೆ ಟಪ್ ಅಂತ ಬೀಳಬೇಕು. ಮಲಗುವ ಮುಂಚೆ ಅರ್ಧ ಗಂಟೆ ಹಾಕಿ, ಕಣ್ಣು ಮುಚ್ಚುವ ಮೊದಲು ಪ್ಲಗ್ ಕೀಳಿ.

ನಮ್ಮ ಊರಿನಲ್ಲಿ ಹತ್ತು ದಿನದ ಗಣಪತಿ ಪೆಂಡಾಲಿಗೆ ಪಾಲಿಕೆಯ ಪರವಾನಗಿ ಬೇಕು, ಕರೆಂಟಿಗೆ ತಾತ್ಕಾಲಿಕ ಮೀಟರು ಬೇಕು. ಅಲ್ಲಿ ಜನ ಎಚ್ಚರವಾಗಿ ನಿಂತಿರುತ್ತಾರೆ. ಇಲ್ಲಿ ಐವತ್ತು ಜನ ಜಿಪ್ಪು ಎಳೆದುಕೊಂಡು ನಿದ್ದೆ ಹೋಗಿರುತ್ತಾರೆ, ವೈರು ಪಂಪು ಮನೆಯದ್ದು! ಪೆಂಡಾಲಿಗೆ ಇರುವಷ್ಟು ಬಿಗಿ ಟೆಂಟಿನ ಕ್ಯಾಂಪುಗಳಿಗೂ ಇರಲಿ ಅನ್ನುವುದು ನನ್ನ ಅಭಿಪ್ರಾಯ. ರೇಟು ಇನ್ನೂರು ರೂಪಾಯಿ ಏರಿದರೆ ಏರಲಿ.

ನಿಜ ಹೇಳಬೇಕೆಂದರೆ ಪವನಾದ ಚಳಿಗೆ ಹೀಟರೇ ಬೇಕಿಲ್ಲ. ಮಹಾಬಳೇಶ್ವರದ ವೆಣ್ಣಾ ಕೆರೆ ಬದಿ ಕೆಲವು ವರ್ಷ ಇಬ್ಬನಿ ಹೆಪ್ಪುಗಟ್ಟುತ್ತೆ, ಅಲ್ಲೂ ರಜಾಯಿಯಲ್ಲೇ ಕಳೆಯಬಹುದು. ಚಳಿ ಮೇಲಿನಿಂದ ಬರುತ್ತೆ ಅಂದುಕೊಂಡು ನಾವು ಮೇಲೆ ಹೊದೆಯುತ್ತೇವೆ, ಮೈಯ ಬಿಸಿಯನ್ನು ಎಳೆದುಕೊಳ್ಳುವುದು ಕೆಳಗಿನ ನೆಲ. ಊರಿನಲ್ಲಿ ಅಜ್ಜಿ ಚಾಪೆಯ ಮೇಲೆ ಕಂಬಳಿ ಹಾಸುತ್ತಿದ್ದದ್ದು ಅದಕ್ಕೇ. ದಪ್ಪ ಮ್ಯಾಟು, ಒಣಗಿದ ಕಾಲುಚೀಲ, ತಲೆಗೆ ಟೋಪಿ, ಕಾಲ ಹತ್ತಿರ ಬಟ್ಟೆ ಸುತ್ತಿದ ಬಿಸಿನೀರಿನ ಬ್ಯಾಗು, ಇಷ್ಟಿದ್ದರೆ ಬೆಳಗಾಗುತ್ತೆ. ಮುಂದಿನ ಸಲ ಬುಕಿಂಗಿಗೆ ಫೋನು ಮಾಡಿದಾಗ "ಹೀಟರ್ ಇದೆಯಾ" ಅಂತ ಕೇಳುವ ಬದಲು "ಕೆಳಗೆ ಏನು ಹಾಸ್ತೀರಿ, ರಜಾಯಿ ತಲೆಗೆ ಎಷ್ಟು ಕೊಡ್ತೀರಿ" ಅಂತ ಕೇಳಿ ನೋಡಿ.