ತಲೆಯ ಮೇಲಿನ ಭಾರ

ಬ್ಯಾಡಗಿಯ ಸುತ್ತಮುತ್ತ ಮೆಣಸಿನಕಾಯಿಯ ಸುಗ್ಗಿ ಬಂತೆಂದರೆ ಎಷ್ಟೋ ರೈತರ ಮನೆಗಳಲ್ಲಿ ನೆಲವೇ ಕಾಣುವುದಿಲ್ಲ. ಚೀಲಗಳು ಪಡಸಾಲೆಯನ್ನು ತುಂಬಿದಾಗ ಮಕ್ಕಳ ಸೈಕಲ್ಲು ಹೊರಗೆ ಬಿಸಿಲಿಗೂ ಇಬ್ಬನಿಗೂ ಮೈಯೊಡ್ಡಬೇಕಾಗುತ್ತದೆ. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತು. ಸಣ್ಣ ಮನೆಗಳಿಗೂ ಸೈಕಲ್ಲು ಬಂದಿತು. ಅದನ್ನು ನಿಲ್ಲಿಸುವ ಸ್ಥಳ ಮಾತ್ರ ಬರಲಿಲ್ಲ.

ಹಾಗಾದರೆ ಅದನ್ನು ಮೇಲಕ್ಕೆ ತೂಗುಹಾಕಬಾರದೇಕೆ? ಹಿಂದಕ್ಕೆ ಒರಗಿ ಕುಳಿತು ತುಳಿಯುವ ಮೂರು ಗಾಲಿಯ ಸೈಕಲ್ಲುಗಳನ್ನು ಪಾಶ್ಚಾತ್ಯ ದೇಶಗಳಲ್ಲಿ ಕೆಲವರು ಕಾರಿನ ಕೋಣೆಯ ಮಾಳಿಗೆಗೆ ರಾಟೆಗಳಿಂದ ಎತ್ತಿ ಕಟ್ಟುವುದುಂಟು. ನಮಗೂ ಈ ಉಪಾಯ ಹೊಸತಲ್ಲ. ಹಾಲಿನ ಗಡಿಗೆಗೆ ನೆಲುವು, ಕೂಸಿಗೆ ತೊಟ್ಟಿಲು, ಎರಡೂ ತೂಗಿದ್ದು ತೊಲೆಗೇ. ಆದುದರಿಂದ ತೂಗುಹಾಕುವುದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಲೆಕ್ಕವಿಲ್ಲದೆ ತೂಗುಹಾಕಬಾರದು. ನೆಲುವು ಹರಿದರೆ ಹಾಲು ಹೋಗುತ್ತದೆ. ಸೈಕಲ್ಲು ಬಿದ್ದರೆ ಕೆಳಗೆ ಮಲಗಿದವರ ಪ್ರಾಣವೇ ಹೋಗಬಹುದು.

18 ಕಿಲೋಗ್ರಾಂ ತೂಕದ ಸೈಕಲ್ಲನ್ನು ತೂಗಲು 18 ಕಿಲೋಗ್ರಾಂ ತಾಳುವ ಕೊಕ್ಕೆ ಸಾಕೆಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ಒಂದೇ ಸ್ಥಿರ ರಾಟೆಯ ಮೇಲೆ ಹಗ್ಗ ಹಾಯಿಸಿ ಕೆಳಕ್ಕೆ ಎಳೆದಾಗ ಒಂದು ಕಡೆ ಸೈಕಲ್ಲಿನ 18, ಇನ್ನೊಂದು ಕಡೆ ನಮ್ಮ ಎಳೆತದ 18, ಒಟ್ಟು 36 ಕಿಲೋಗ್ರಾಂ ಭಾರ ಕೊಕ್ಕೆಯ ಮೇಲೆ ಬೀಳುತ್ತದೆ. ಹಗ್ಗದ ತುದಿಯನ್ನು ನೇರ ಕೆಳಗಿನ ಗೂಟಕ್ಕೆ ಕಟ್ಟಿಬಿಟ್ಟರೂ ಈ ಭಾರ ಇಳಿಯುವುದಿಲ್ಲ. ಜೊತೆಗೊಂದು ಚಲಿಸುವ ರಾಟೆಯನ್ನು ಸೇರಿಸಿದರೆ ಎಳೆತ 9 ಕಿಲೋಗ್ರಾಮಿಗೆ ಇಳಿದು, ತೊಲೆಯ ಮೇಲಿನ ಭಾರ 27 ಆಗುತ್ತದೆ. ಆದರೆ ಪ್ರಕೃತಿಯು ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ: ಎರಡರಷ್ಟು ಉದ್ದ ಹಗ್ಗವನ್ನು ಎಳೆಯಬೇಕು.

ಹಗ್ಗದ ಓರೆಯೂ ಮುಖ್ಯ. ಸೈಕಲ್ಲನ್ನು ಎರಡು ಗೋಡೆಗಳ ನಡುವೆ ಓರೆಯಾದ ಎರಡು ಹಗ್ಗಗಳಿಂದ ಕಟ್ಟಿದರೆ, ಅವು ಅಡ್ಡಗೆರೆಯೊಡನೆ 30 ಅಂಶದ ಕೋನದಲ್ಲಿದ್ದಾಗ ಒಂದೊಂದರ ಸೆಳೆತವೂ 18 ಕಿಲೋಗ್ರಾಂ. ಜಾಗ ಉಳಿಸಲೆಂದು ಹಗ್ಗಗಳನ್ನು ಬಿಗಿದು ಕೋನವನ್ನು 10 ಅಂಶಕ್ಕೆ ತಂದರೆ ಸೆಳೆತ ಸುಮಾರು 52ಕ್ಕೆ ಏರುತ್ತದೆ! ಮೂರು ಗಾಲಿಯ ಬಂಡಿಯಲ್ಲಿ ಇನ್ನೊಂದು ತೊಡಕು: ಮೂರು ಕೊಕ್ಕೆಗಳಿದ್ದ ಮಾತ್ರಕ್ಕೆ ಭಾರ ಸಮನಾಗಿ ಹಂಚಿಹೋಗದು, ಗುರುತ್ವಕೇಂದ್ರಕ್ಕೆ ಹತ್ತಿರವಿರುವ ಕೊಕ್ಕೆಯೇ ಹೆಚ್ಚು ಹೊರಬೇಕು.

ಎರಡೂವರೆ ಮೀಟರು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 7 ಮೀಟರು, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರು. ಆದಕಾರಣ ಮೂರು ನಿಯಮಗಳನ್ನು ಮೀರಬಾರದು. ಮೊದಲು ಸೈಕಲ್ಲಿನ ಎರಡರಷ್ಟು ತೂಕದ ಮರಳಿನ ಚೀಲವನ್ನು ಒಂದು ದಿನ ತೂಗಿ ನೋಡಬೇಕು. ಪೂರ್ಣ ಭಾರವನ್ನು ತಾನೊಂದೇ ತಾಳುವ ಎರಡನೆಯ ಹಗ್ಗವನ್ನು ಬೇರೆ ಕೊಕ್ಕೆಗೆ ಕಟ್ಟಬೇಕು. ಜನ ಮಲಗುವ, ಮಕ್ಕಳು ಆಡುವ ಸ್ಥಳದ ಮೇಲೆ ಏನನ್ನೂ ತೂಗಬಾರದು. ಗೆದ್ದಲು ತಿಂದ ಜಂತಿಗೆ ಯಾವ ಸೂತ್ರವೂ ಆಸರೆಯಾಗದು.

ರಾಟೆಯ ಪಾಠವನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಅದೇ ವಿದ್ಯಾರ್ಥಿ ತನ್ನ ಮನೆಯ ತೊಲೆಗೆ ಒಂದೇ ಮೊಳೆ ಹೊಡೆದು ಸೈಕಲ್ಲು ನೇತುಹಾಕಿದರೆ ಆ ಪಾಠದಿಂದ ಬಂದ ಫಲವೇನು? ಅಂಕಪಟ್ಟಿಯಲ್ಲಿ ಉಳಿದ ವಿಜ್ಞಾನ ಯಾರ ತಲೆಯನ್ನೂ ಕಾಯಲಾರದು. ಅದು ತೊಲೆಯವರೆಗೂ ಏರಬೇಕು.